ಎಂಸಿಆರ್ ಚಪ್ಪಲಿ: ಒಂದು ಜೊತೆಗೆ ₹850, ಅಳತೆಗೆ ದುಡ್ಡಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಎಂಸಿಆರ್ ಅನ್ನೋ ಮೆತ್ತನೆ ರಬ್ಬರಿನ ಈ ಚಪ್ಪಲಿ ನೋಡೋಕೆ ಚೆನ್ನಾಗಿಲ್ಲ. ಇರೋದು ಎರಡೇ ಬಣ್ಣ, ಕಪ್ಪು ಮತ್ತು ಕಂದು. ಎರಡೂ ಮಂಕು. ಮುಂದೆ ಅಗಲ, ಮೇಲೆ ಎರಡು ದಪ್ಪ ಪಟ್ಟಿ, ಹಿಮ್ಮಡಿಗೆ ಒಂದು ಬಾರು, ಬಿಗಿ ಮಾಡೋಕೆ ವೆಲ್ಕ್ರೋ. ಮದುವೆ ಛತ್ರದ ಬಾಗಿಲಲ್ಲಿ ಬಿಟ್ಟು ಹೋದರೆ ಯಾರೂ ಕದಿಯಲ್ಲ, ಅದೊಂದು ಧೈರ್ಯ. ಆದರೂ ಈಗ ನನ್ನ ಕಾಲಲ್ಲಿ ಇರೋದು ಇದೇ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಕಾಯಿಲೆ ಇಲ್ಲದವರೂ ಓದಬಹುದು, ಏಕೆಂದರೆ ಅರ್ಧದಷ್ಟು ಚಪ್ಪಲಿ ವಿಷಯ ಅಲ್ಲ.

ನಾನು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವನು. ಈಗ ನಿವೃತ್ತಿ. ಮೈಸೂರಿನಿಂದ ಕೊಳ್ಳೇಗಾಲ, ಹನೂರು, ಮಲೆ ಮಹದೇಶ್ವರ ಬೆಟ್ಟದ ಕಡೆ ಜಾಸ್ತಿ ಓಡಾಡಿದ್ದೇನೆ. ನಿಂತೇ ಮಾಡುವ ಕೆಲಸ, ಊಟಕ್ಕೆ ಹೊತ್ತಿಲ್ಲ ಗೊತ್ತಿಲ್ಲ. ಸಕ್ಕರೆ ಬಂತು. ಕಾಲು ಮೊದಲು ಜುಮುಜುಮು ಅಂತಿತ್ತು. ಆಮೇಲೆ ರಾತ್ರಿ ಹೊತ್ತು ಉರಿ. ಆಮೇಲೆ ಉರಿಯೂ ಇಲ್ಲ. ಉರಿ ಹೋಗಿದ್ದು ಸಂತೋಷದ ವಿಷಯ ಅಲ್ಲ ಅಂತ ಡಾಕ್ಟರ್ ಹೇಳಿದರು. ಅವರ ಹತ್ತಿರ ಒಂದು ಹಿಡಿಕೆಗೆ ಸಿಗಿಸಿದ ನೈಲಾನ್ ಎಳೆ ಇತ್ತು. ಚರ್ಮಕ್ಕೆ ಒತ್ತಿದರೆ ಸರಿಯಾಗಿ ಹತ್ತು ಗ್ರಾಂ ಭಾರಕ್ಕೆ ಬಾಗುತ್ತದಂತೆ. ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದಾಗಲೆಲ್ಲ ಹೂಂ ಅನ್ನಿ ಅಂದರು. ನಾನು ಕಣ್ಣು ಮುಚ್ಚಿಕೊಂಡು ಕಾಯುತ್ತಾ ಕೂತೆ. ಎಷ್ಟು ಹೊತ್ತಾದರೂ ಶುರುವೇ ಮಾಡಲಿಲ್ಲವಲ್ಲ ಅಂತ ಕಣ್ಣು ಬಿಟ್ಟರೆ ಅವರು ಆಗಲೇ ಮುಗಿಸಿ ಬರೆದುಕೊಳ್ಳುತ್ತಿದ್ದರು.

ಒಳ್ಳೆ ಚಪ್ಪಲಿ ತಗೊಳ್ಳಿ, ಬರಿಗಾಲಲ್ಲಿ ಮನೆಯೊಳಗೂ ಓಡಾಡಬೇಡಿ ಅಂದರು. ಮಗಳು ಒಂದು ದೊಡ್ಡ ಅಂಗಡಿಗೆ ಕರೆದುಕೊಂಡು ಹೋದಳು. ಹೆಸರು ಬೇಡ. ಎಸಿ ಇತ್ತು, ಸಂಗೀತ ಇತ್ತು, ಕಾಲಿಟ್ಟರೆ ಟಿವಿ ಪರದೆ ಮೇಲೆ ಪಾದದ ಚಿತ್ರ ಕೆಂಪು ಹಳದಿಯಾಗಿ ಬರುವ ಮಿಷಿನ್ ಇತ್ತು. ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿದ. ಆದರೆ ನನ್ನ ಕಾಲಿನಿಂದ ಎರಡು ಅಡಿ ದೂರದಲ್ಲೇ ಇದ್ದ. ಡಬ್ಬಿಯಿಂದ ತೆಗೆದು ನೆಲದ ಮೇಲಿಟ್ಟು, "ಟ್ರೈ ಮಾಡಿ ಸಾರ್, ಹೇಗನ್ಸುತ್ತೆ ಹೇಳಿ" ಅಂದ. ಏನೂ ಅನ್ಸಲ್ಲ ಅನ್ನೋದೇ ನನ್ನ ಕಾಯಿಲೆ ಕಣಪ್ಪಾ! ನನ್ನ ಚಿಕ್ಕಂದಿನಲ್ಲಿ ಬಾಟಾ ಅಂಗಡಿಯಲ್ಲಿ ಇಳಿಜಾರು ಹಲಗೆಯ ಒಂದು ಮೋಟು ಸ್ಟೂಲ್ ಇರುತ್ತಿತ್ತು. ಅಂಗಡಿಯವರು ಅದರ ಮೇಲೆ ಕೂತು ನಮ್ಮ ಕಾಲನ್ನು ಹಲಗೆ ಮೇಲಿಟ್ಟು, ಬೂಟಿನ ತುದಿಯನ್ನು ಹೆಬ್ಬೆರಳಿಂದ ಒತ್ತಿ ಜಾಗ ಇದೆಯಾ ಅಂತ ನೋಡುತ್ತಿದ್ದರು. ಈಗ ಆ ಸ್ಟೂಲ್ ಎಲ್ಲಿ ಹೋಯಿತೋ. ನಾಲ್ಕು ಸಾವಿರದ ಚಪ್ಪಲಿ ಬೇಡ ಅಂತ ವಾಪಸು ಬಂದೆವು.

ನಮ್ಮ ಚರ್ಚಿಗೆ ಬರುವ ಒಬ್ಬ ಸಿಸ್ಟರ್ ನನ್ನ ನಡಿಗೆ ನೋಡಿ ಎಂಸಿಆರ್ ಚಪ್ಪಲಿ ವಿಷಯ ಹೇಳಿದರು. ಅವರ ಸಭೆಯ ಸಿಸ್ಟರ್‌ಗಳು ನಡೆಸುವ ಕುಷ್ಠರೋಗ ಪುನರ್ವಸತಿ ಕೇಂದ್ರ ಇದೆ. ಅಲ್ಲೊಂದು ಚಪ್ಪಲಿ ಶೆಡ್. ಕಾಯಿಲೆ ವಾಸಿಯಾದವರೇ ಅಲ್ಲಿ ಕೆಲಸ ಮಾಡೋದು. ಊರಿನ ಹೆಸರು ಬರೆಯಬೇಡಿ ಅಂತ ಕೇಳಿಕೊಂಡಿದ್ದಾರೆ. ಹಿಂದೆ ಯಾರೋ ವಿಡಿಯೋ ಮಾಡಿ ಹಾಕಿ, ಜನ ಭಾನುವಾರ ಕ್ಯಾಮೆರಾ ಹಿಡಿದುಕೊಂಡು ಬರೋಕೆ ಶುರು ಮಾಡಿದ್ದರಂತೆ. ನೋಡೋಕೆ ಬರೋರು, ಕೊಳ್ಳೋಕಲ್ಲ. ಹಾಗಾಗಿ ಹೆಸರಿಲ್ಲದ ವಿಮರ್ಶೆ ಇದು. ಬೇಕಾದವರು ನಿಮ್ಮ ಜಿಲ್ಲಾ ಆಸ್ಪತ್ರೆಯ ಕುಷ್ಠರೋಗ ವಿಭಾಗದಲ್ಲಿ ಎಂಸಿಆರ್ ಎಲ್ಲಿ ಸಿಗುತ್ತೆ ಅಂತ ಕೇಳಿ.

ಎಂಸಿಆರ್ ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರ್. ಒಳಗೆಲ್ಲ ಸಣ್ಣಸಣ್ಣ ಗಾಳಿಗುಳ್ಳೆ ತುಂಬಿದ ಮೆತ್ತನೆ ರಬ್ಬರ್. ಪಾದ ತಾಗುವ ಕಡೆ ಇದು. ನೆಲ ತಾಗುವ ಅಟ್ಟೆ ಗಟ್ಟಿ ರಬ್ಬರಿನದು, ಗಾಜು ಮುಳ್ಳು ಒಳಗೆ ಬರಬಾರದು. ಮೆತ್ತಗಿರೋದೆಲ್ಲ ಎಂಸಿಆರ್ ಅಲ್ಲ ಅಂತ ಶೆಡ್ಡಿನಲ್ಲಿ ಚಪ್ಪಲಿ ಹೊಲಿಯುವ ಮೇಸ್ತ್ರಿ ಹೇಳಿಕೊಟ್ಟರು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ದಪ್ಪ ಅರ್ಧಕ್ಕೆ ಇಳಿಯಬೇಕು, ಬಿಟ್ಟ ತಕ್ಷಣ ಮೊದಲಿನಷ್ಟೇ ಆಗಬೇಕು. ಪೇಟೆಯ ಸ್ಪಂಜಿನ ಚಪ್ಪಲಿ ಒಂದು ತಿಂಗಳಿಗೆ ಒತ್ತಿಕೊಂಡು ಹಪ್ಪಳ ಆಗುತ್ತೆ. ಇದು ಆಗಲ್ಲ. ಇನ್ನೊಂದು ವಿಷಯ, ಇಡೀ ಚಪ್ಪಲಿಯಲ್ಲಿ ಒಂದೇ ಒಂದು ಮೊಳೆ ಇಲ್ಲ. ಹೊಲಿಗೆ ಮತ್ತು ಸಲ್ಯೂಷನ್ ಅಷ್ಟೆ. ಮೊಳೆ ಎದ್ದು ಕಾಲಿಗೆ ಹೊಕ್ಕರೂ ಗೊತ್ತಾಗದವರು ಹಾಕೋ ಚಪ್ಪಲಿ ಅಲ್ವಾ. ಉಂಗುಟವೂ ಇಲ್ಲ. ಹೆಬ್ಬೆರಳ ಸಂದಿಯಲ್ಲಿ ಉಜ್ಜಿ ಹುಣ್ಣಾಗೋದು ಅಲ್ಲಿಂದಲೇ ಜಾಸ್ತಿಯಂತೆ.

ಈಗ ಅಳತೆ ವಿಷಯಕ್ಕೆ ಬರುತ್ತೇನೆ. ₹850 ಕೊಟ್ಟಿದ್ದು ಚಪ್ಪಲಿಗೆ. ಆದರೆ ಅಲ್ಲಿ ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು, ಅವರು ನನ್ನ ಕಾಲಿನ ಅಳತೆ ತಗೊಂಡ ರೀತಿ.

ಶೆಡ್ಡಿನಲ್ಲಿ ಮರದ ಬೆಂಚು, ಎದುರಿಗೆ ಮೇಸ್ತ್ರಿ ಕೂರುವ ಮಣೆ. ಸುತ್ತ ರಂಪಿಗೆ, ಉಳಿ, ಅಚ್ಚುಗಳು, ಸಲ್ಯೂಷನ್ ಡಬ್ಬ. ಗೋಡೆಯಲ್ಲಿ ಯೇಸುವಿನ ತಿರುಹೃದಯದ ಪಟ, ಪಕ್ಕದಲ್ಲೇ ಹರಳಯ್ಯನವರ ಕ್ಯಾಲೆಂಡರ್. ಬಸವಣ್ಣನಿಗಾಗಿ ತನ್ನ ತೊಡೆಯ ಚರ್ಮದಲ್ಲೇ ಪಾದರಕ್ಷೆ ಮಾಡಿದ ಶರಣ ಅಂತ ಕಥೆಯಿದೆಯಲ್ಲ, ಅವರೇ. ಕೈಯಲ್ಲಿ ಚರ್ಮ ಹಿಡಿದವರ ಶೆಡ್ಡಿನಲ್ಲಿ ಇಬ್ಬರೂ ಇರಲೇಬೇಕಾದವರು ಅನ್ನಿಸಿತು.

ಮೇಸ್ತ್ರಿ ನನಗಿಂತ ಹಿರಿಯರು. ಕಾಲು ಕೊಡಿ ಸಾರ್ ಅಂದರು. ನನಗೆ ಹಿಂಜರಿಕೆ. ಬಸ್ಸಿನಲ್ಲಿ ಯಾರಿಗಾದರೂ ಕಾಲು ತಾಕಿದರೆ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ದೊಡ್ಡವರ ತೊಡೆ ಮೇಲೆ ಕಾಲಿಡೋದು ಹೇಗೆ? "ಬೇಡ ಅಣ್ಣ, ಕಾಗದದ ಮೇಲೆ ನಿಂತುಕೊಳ್ತೀನಿ, ಗೆರೆ ಎಳ್ಕೊಳ್ಳಿ" ಅಂದೆ. ಅವರು ನಕ್ಕರು. "ಗೆರೆ ಆಮೇಲೆ. ಕಾಲು ನೋಡ್ದೆ ಚಪ್ಪಲಿ ಹೊಲಿಯೋಕೆ ನಾನೇನು ಫ್ಯಾಕ್ಟ್ರಿನಾ?" ಅಂತ ಅವರೇ ಎತ್ತಿ ತೊಡೆ ಮೇಲೆ ಇಟ್ಟುಕೊಂಡರು.

ಅವರ ಕೈ ಆಗ ಸರಿಯಾಗಿ ನೋಡಿದೆ. ಕಿರುಬೆರಳು, ಉಂಗುರ ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ಎರಡು ಬೆರಳ ತುದಿ ಮೋಟು. ಇನ್ನೊಂದು ಕೈಯ ಬೆರಳು ನೆಟ್ಟಗಿತ್ತು, ಮಣಿಕಟ್ಟಿನ ಹತ್ತಿರ ಹಳೆ ಹೊಲಿಗೆಯ ಗುರುತು. ವೆಲ್ಲೂರಿನ ಹತ್ತಿರ ಕರಿಗಿರಿಯಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದಂತೆ. ಅಂಗೈಯಲ್ಲಿ ಅವರಿಗೂ ಸ್ಪರ್ಶ ಇಲ್ಲ. ಅಂದರೆ ಲೆಕ್ಕ ಹಾಕಿ, ಮುಟ್ಟುವ ಕೈಗೂ ಗೊತ್ತಾಗಲ್ಲ, ಮುಟ್ಟಿಸಿಕೊಳ್ಳುವ ಕಾಲಿಗೂ ಗೊತ್ತಾಗಲ್ಲ. ಹಾಗಾಗಿ ಅವರು ಒಂದು ಉಪಾಯ ಮಾಡುತ್ತಾರೆ. ಒಂದು ಅಂಗೈಯಲ್ಲಿ ಹಿಮ್ಮಡಿಯನ್ನು ಹಿಡಿದುಕೊಂಡು, ಇನ್ನೊಂದು ತೋಳು ತಿರುಗಿಸಿ, ಮೊಣಕೈಗೆ ಸ್ವಲ್ಪ ಕೆಳಗಿನ ಒಳಭಾಗವನ್ನು ನನ್ನ ಪಾದಕ್ಕೆ ಒತ್ತಿದರು. ಅಲ್ಲಿ ಅವರಿಗೆ ಸ್ಪರ್ಶ ಉಳಿದಿದೆ. ಹಿಮ್ಮಡಿಯಿಂದ ಶುರು ಮಾಡಿ ಬೆರಳ ಬುಡದವರೆಗೆ ನಿಧಾನವಾಗಿ ಒತ್ತುತ್ತಾ ಬಂದರು. ಹೆಬ್ಬೆರಳ ಬುಡದಲ್ಲಿ ನಿಂತರು. ಮತ್ತೆ ಒತ್ತಿದರು. "ಇಲ್ಲಿ ಬಿಸಿ ಐತೆ" ಅಂದರು. ಬಿಸಿ ಅಂದರೆ ಒಳಗೆ ಪೆಟ್ಟಾಗುತ್ತಿದೆ ಅಂತ ಅರ್ಥ. ಮೇಲೆ ಗಾಯ ಕಾಣೋಕೆ ಮೊದಲೇ ಬಿಸಿ ಬರುತ್ತೆ. ಕಾಗದದ ಮೇಲೆ ನನ್ನ ಪಾದದ ಗೆರೆ ಎಳೆದು, ಆ ಜಾಗಕ್ಕೊಂದು ಸುತ್ತು ಹಾಕಿ, ಅಲ್ಲಿ ರಬ್ಬರನ್ನು ಸ್ವಲ್ಪ ಕೆತ್ತಿ ಭಾರ ಬೀಳದ ಹಾಗೆ ಮಾಡುತ್ತೇನೆ ಅಂದರು.

ನನ್ನ ಕಾಲು ಒಡೆದಿತ್ತು. ಉಗುರು ದಪ್ಪ ಹಳದಿ. ಬಸ್ಸಿನಿಂದ ಇಳಿದು ಧೂಳಿನಲ್ಲಿ ನಡೆದುಕೊಂಡು ಬಂದಿದ್ದೆ. ಅವರು ಯಾವ ಮುಖವೂ ಮಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಬೆರಳ ಸಂದಿ ಒರೆಸಿ, ಅಲ್ಲಿ ಇಲ್ಲಿ ನೋಡಿ, ಮನೆಯಲ್ಲಿ ಉಗುರು ಕತ್ತರಿಸೋರು ಯಾರು ಅಂತ ಕೇಳಿದರು.

ನಾನು ಕಥೋಲಿಕ. ಆ ಬೆಂಚಿನ ಮೇಲೆ ಕೂತಾಗ ಪೇತ್ರ ನೆನಪಿಗೆ ಬರದೆ ಇರಲಿಲ್ಲ. ಶಿಷ್ಯರ ಕಾಲು ತೊಳೆಯೋಕೆ ಯೇಸು ಬಂದಾಗ, ನೀವು ನನ್ನ ಕಾಲು ತೊಳೆಯೋದಾ, ಆಗಲ್ಲ ಅಂದ ಶಿಷ್ಯ ಅವನು. ಅದರ ನೆನಪಿಗೆ ನಮ್ಮ ಧರ್ಮಕೇಂದ್ರದಲ್ಲಿ ಗುಡ್ ಫ್ರೈಡೆಯ ಹಿಂದಿನ ದಿನ, ಪವಿತ್ರ ಗುರುವಾರ, ಹನ್ನೆರಡು ಜನರ ಕಾಲು ತೊಳೆಯುವಾಗ ನನ್ನನ್ನೂ ಒಂದು ವರ್ಷ ಕೂರಿಸಿದ್ದರು. ನಾವು ಹನ್ನೆರಡು ಜನರೂ ಮನೆಯಲ್ಲೇ ಸೋಪು ಹಾಕಿ ಉಜ್ಜಿ, ಉಗುರು ತೆಗೆದು, ಒಬ್ಬರಂತೂ ಪೌಡರ್ ಹಾಕಿಕೊಂಡು ಬಂದಿದ್ದರು. ಫಾದರ್ ಚೊಂಬಿನಿಂದ ಒಂದೊಂದು ಹನಿ ಬಿಟ್ಟು ಟವೆಲಿನಲ್ಲಿ ಒರೆಸಿ ಮುಂದೆ ಹೋದರು. ಹೀಗಳೆಯುತ್ತಿಲ್ಲ, ಅದೊಂದು ಗುರುತು, ಇರಬೇಕು. ಆದರೆ ತೊಳೆದ ಕಾಲು ತೊಳೆಯೋದು ಸುಲಭ.

ಪೋಪ್ ಫ್ರಾನ್ಸಿಸ್ ಅದನ್ನೇ ಚರ್ಚಿನಿಂದ ಹೊರಗೆ ತಗೊಂಡು ಹೋದರು. 2013ರಲ್ಲಿ, ಪೋಪ್ ಆದ ಮೊದಲ ತಿಂಗಳೇ, ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಮಂಡಿಯೂರಿದರು. ಅಲ್ಲಿ ಹುಡುಗಿಯರ ಕಾಲೂ ತೊಳೆದರು, ಮುಸ್ಲಿಮರ ಕಾಲೂ ತೊಳೆದರು. ಗಂಡಸರದ್ದು ಮಾತ್ರ ಅನ್ನೋ ನಿಯಮವನ್ನು 2016ರಲ್ಲಿ ಬದಲಾಯಿಸಿದರು. 2025ರಲ್ಲಿ ತೀರಿಕೊಳ್ಳೋಕೆ ಕೆಲವೇ ದಿನ ಮೊದಲು, ಅಷ್ಟು ಕಾಯಿಲೆಯಲ್ಲೂ, ಪವಿತ್ರ ಗುರುವಾರ ಮತ್ತೆ ಜೈಲಿಗೆ ಹೋದರು. ಕಾಲು ತೊಳೆಯುವ ಶಕ್ತಿ ಆ ಸಲ ಇರಲಿಲ್ಲ.

ಶುಭಸಂದೇಶದಲ್ಲಿ, ಅಂದರೆ ಬೈಬಲ್ಲಿನ ಯೇಸುವಿನ ಕಥೆಯಲ್ಲಿ, ಕುಷ್ಠರೋಗಿಯನ್ನು ಯೇಸು ಗುಣಪಡಿಸಿದ ಭಾಗ ಎಲ್ಲರಿಗೂ ಗೊತ್ತು. ಮಾರ್ಕನ ಮೊದಲನೇ ಅಧ್ಯಾಯ. ಅದನ್ನು ಪೂಜೆಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಈ ಶೆಡ್ಡಿಗೆ ಹೋಗಿ ಬಂದ ಮೇಲೆ ಮನೆಯಲ್ಲಿ ತೆಗೆದು ನಿಧಾನವಾಗಿ ಓದಿದೆ. ಬೈಬಲ್ಲಿನ ಹಳೆ ಕಟ್ಟಳೆಗಳ ಪುಸ್ತಕ ಯಾಜಕಕಾಂಡದ 13ನೇ ಅಧ್ಯಾಯದ ಪ್ರಕಾರ ಅಂಥವನು ಹರಿದ ಬಟ್ಟೆ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು, ನಾನು ಅಶುದ್ಧ ಅಂತ ಕೂಗುತ್ತಾ, ಪಾಳೆಯದ ಹೊರಗೆ ಇರಬೇಕು. ಮುಟ್ಟಿದವನೂ ಮೈಲಿಗೆ. ಅಂಥವನು ಬಂದು ಮಂಡಿಯೂರಿ, ನಿಮಗೆ ಮನಸ್ಸಿದ್ದರೆ ಆಗುತ್ತೆ ಅಂತಾನೆ. ಯೇಸು ಏನು ಮಾಡುತ್ತಾರೆ, ಯಾವ ಕ್ರಮದಲ್ಲಿ ಮಾಡುತ್ತಾರೆ ನೋಡಿ. ಮೊದಲು ಕೈ ಚಾಚುತ್ತಾರೆ. ಮುಟ್ಟುತ್ತಾರೆ. ಆಮೇಲೆ ಗುಣವಾಗು ಅನ್ನುತ್ತಾರೆ. ಅಂದರೆ ಮುಟ್ಟಿದಾಗ ಅವನಿಗೆ ಕಾಯಿಲೆ ಇನ್ನೂ ಇತ್ತು. ವಾಸಿ ಮಾಡಿ, ಚೊಕ್ಕ ಮಾಡಿ, ಆಮೇಲೆ ಬೆನ್ನು ತಟ್ಟಬಹುದಿತ್ತು.

ಮುಟ್ಟದೇ ವಾಸಿ ಮಾಡೋಕೆ ಬರುತ್ತಿರಲಿಲ್ಲ ಅಂತೇನಿಲ್ಲ. ಲೂಕನ 17ನೇ ಅಧ್ಯಾಯದಲ್ಲಿ ಹತ್ತು ಜನ ದೂರದಲ್ಲೇ ನಿಂತು ಕೂಗುತ್ತಾರೆ, ಯಾಜಕರಿಗೆ ತೋರಿಸಿಕೊಳ್ಳಿ ಹೋಗಿ ಅಂತಾರೆ ಯೇಸು, ದಾರಿಯಲ್ಲೇ ವಾಸಿಯಾಗುತ್ತೆ. ಹಾಗಾದರೆ ಮಾರ್ಕ ಹೇಳುವ ಆ ಮುಟ್ಟುವಿಕೆ ಔಷಧಿಯ ಭಾಗ ಅಲ್ಲ. ಕಾಯಿಲೆಗೆ ಮಾತು ಸಾಕಾಗಿತ್ತು. ಮುಟ್ಟಿದ್ದು ಮನುಷ್ಯನನ್ನು. ಇನ್ನೊಂದು ಸೂಕ್ಷ್ಮ ಇದೆ, ಅವನು ಕೇಳಿದ ಮೇಲೆ ಮುಟ್ಟಿದರು. ಕೇಳದೆ, ಒಪ್ಪದೆ ಮೈಮೇಲೆ ಕೈ ಹಾಕೋದು ಬೇರೆ ವಿಷಯ, ಯಾರು ಮಾಡಿದರೂ, ಯಾವ ಬಟ್ಟೆ ತೊಟ್ಟು ಮಾಡಿದರೂ. ಅಧ್ಯಾಯದ ಕೊನೆ ಸಾಲು ಇನ್ನೂ ಚೆನ್ನಾಗಿದೆ. ಗುಣವಾದವನು ಊರೆಲ್ಲ ಸುದ್ದಿ ಹಬ್ಬಿಸಿಬಿಟ್ಟ, ಅದರಿಂದ ಯೇಸು ಊರೊಳಗೆ ಬರೋಕಾಗದೆ ಹೊರಗೆ ನಿರ್ಜನ ಜಾಗದಲ್ಲಿ ಇರಬೇಕಾಯಿತು. ಹೊರಗಿದ್ದವನು ಒಳಗೆ ಹೋದ, ಒಳಗಿದ್ದವರು ಹೊರಗೆ. ಬೈಬಲ್ಲಿನ ಕುಷ್ಠ ಇವತ್ತಿನ ಕುಷ್ಠವೇ ಅಲ್ಲ, ಬೇರೆಬೇರೆ ಚರ್ಮರೋಗಕ್ಕೆಲ್ಲ ಒಂದೇ ಹೆಸರಿತ್ತು ಅಂತ ತಿಳಿದವರು ಹೇಳುತ್ತಾರೆ. ಇರಬಹುದು. ಹೊರಗೆ ಹಾಕೋದಂತೂ ಅದೇ.

ಮುಟ್ಟಿ ವಾಸಿ ಮಾಡುತ್ತೇವೆ ಅಂತ ಮೈದಾನದಲ್ಲಿ ಮೈಕ್ ಹಿಡಿಯೋರ ಮೇಲೆ ನನಗೆ ನಂಬಿಕೆ ಇಲ್ಲ. ಮೇಸ್ತ್ರಿ ಮುಟ್ಟಿದ್ದರಿಂದ ನನ್ನ ಕಾಲಿಗೆ ಸ್ಪರ್ಶ ವಾಪಸು ಬರಲಿಲ್ಲ. ಬರೋದೂ ಇಲ್ಲ. ಮಾತ್ರೆ ನುಂಗಬೇಕು, ಅನ್ನ ಕಡಿಮೆ ಮಾಡಬೇಕು.

ಕಂಡಕ್ಟರ್ ಕೆಲಸ ಅಂದರೆ ಕೈ ನೋಡುವ ಕೆಲಸ. ಮುಖ ಮರೆತುಹೋಗುತ್ತೆ, ಕೈ ನೆನಪಿರುತ್ತೆ. ಕೊಳ್ಳೇಗಾಲದ ಕಡೆ ರೇಷ್ಮೆ ಬಿಚ್ಚೋ ಹೆಂಗಸರ ಬೆರಳ ತುದಿ ಬಿಸಿನೀರಿನಲ್ಲಿ ಬೆಂದು ಬಿಳುಪಾಗಿರುತ್ತೆ. ಗಾರೆ ಕೆಲಸದವರದು ಸಿಮೆಂಟ್ ತಿಂದು ಸುಲಿದಿರುತ್ತೆ. ಕೆಲವರು ಚಿಲ್ಲರೆಯನ್ನು ಅಂಗೈಗೆ ಒತ್ತಿ ಕೊಡುತ್ತಾರೆ. ಕೆಲವರು ಗೇಣು ಮೇಲಿಂದ ಬಿಡುತ್ತಾರೆ. ಬಿಡೋರು ಮೊದಲು ನನ್ನ ಊರು ಕೇಳಿ, ಅಪ್ಪನ ಹೆಸರು ಕೇಳಿ, ಲೆಕ್ಕ ಹಾಕಿಕೊಂಡಿರುತ್ತಾರೆ. ಕೊರಳಲ್ಲಿ ಶಿಲುಬೆ ಇದ್ದರೇನು, ಅಜ್ಜನ ಜಾತಿ ಹುಡುಕೋರಿಗೆ ಅದು ಅಡ್ಡ ಬರಲ್ಲ. ನಮ್ಮ ಚರ್ಚಿನ ಒಳಗೂ ಆ ಲೆಕ್ಕ ಹಾಕೋರು ಇದ್ದಾರೆ, ಸಂಬಂಧ ಕೇಳೋಕೆ ಹೋದಾಗ ಗೊತ್ತಾಗುತ್ತೆ. ಬೆಟ್ಟದ ಬಸ್ಸಿಗೆ ಒಂದು ಅಜ್ಜಿ ಹತ್ತುತ್ತಿತ್ತು. ಎರಡು ಕೈಯ ಬೆರಳೂ ಕರಗಿಹೋಗಿದ್ದವು. ನೋಟನ್ನು ಎರಡು ಮಣಿಕಟ್ಟಿನ ನಡುವೆ ಹಿಡಿದು ಚಾಚುತ್ತಿತ್ತು. ಜಾತ್ರೆ ದಿನ ಜನ ಬಾಗಿಲಲ್ಲಿ ಜೋತಾಡುತ್ತಿದ್ದರೂ ಅಜ್ಜಿಯ ಪಕ್ಕದ ಸೀಟು ಖಾಲಿ. ಅಜ್ಜಿ ಆ ಖಾಲಿ ಸೀಟಿನ ಮೇಲೆ ಗಂಟು ಇಟ್ಟುಕೊಂಡು ಆರಾಮವಾಗಿ ಕೂರುತ್ತಿತ್ತು, ಲಗೇಜಿಗೂ ಜಾಗ ಸಿಕ್ಕಿತಲ್ಲ ಅನ್ನೋ ಹಾಗೆ.

ಅಜ್ಜಿಯ ಬೆರಳು ಕರಗಿದ್ದು ಕಾಯಿಲೆ ತಿಂದದ್ದಲ್ಲ ಅಂತ ಮೇಸ್ತ್ರಿ ಹೇಳಿದಾಗಲೇ ನನಗೆ ಗೊತ್ತಾಗಿದ್ದು. ರೋಗಾಣು ನರವನ್ನು ಕೆಡಿಸುತ್ತೆ ಅಷ್ಟೆ. ನೋವು ಗೊತ್ತಾಗದೆ ಬಿಸಿ ಪಾತ್ರೆ ಹಿಡಿಯೋದು, ಗಾಯದ ಮೇಲೆ ಗಾಯ ಆಗೋದು, ಅದರಿಂದ ಬೆರಳು ಹೋಗೋದು. ಇದನ್ನು ತೋರಿಸಿಕೊಟ್ಟವರಲ್ಲಿ ಮುಖ್ಯರು ಪಾಲ್ ಬ್ರ್ಯಾಂಡ್ ಅನ್ನುವ ಡಾಕ್ಟರ್. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗೆ ಹುಟ್ಟಿದವರು. 1946ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಸರ್ಜನ್ ಆಗಿ ಬಂದರು. ಮಡಚಿದ ಬೆರಳನ್ನು ಬೇರೆ ಸ್ನಾಯು ಜೋಡಿಸಿ ನೆಟ್ಟಗೆ ಮಾಡುವ ಆಪರೇಷನ್ ಶುರು ಮಾಡಿದವರು ಅವರು. ನಮ್ಮ ಮೇಸ್ತ್ರಿಯ ಬಲಗೈಗೆ ಆಗಿದ್ದೂ ಅಂಥದ್ದೇ. ರಾತ್ರಿ ಮಲಗಿ ಬೆಳಿಗ್ಗೆ ಏಳುವಾಗ ಬ್ರ್ಯಾಂಡ್ ಅವರ ಕೆಲವು ರೋಗಿಗಳ ಬೆರಳ ತುದಿ ಇರುತ್ತಿರಲಿಲ್ಲವಂತೆ. ಕಾದು ನೋಡಿದರೆ ಇಲಿ! ಕಚ್ಚಿದರೂ ಎಚ್ಚರ ಆಗುತ್ತಿರಲಿಲ್ಲ. ಆಮೇಲೆ ಮನೆಗೆ ಹೋಗೋರಿಗೆ ಒಂದೊಂದು ಬೆಕ್ಕು ಕೊಟ್ಟು ಕಳಿಸುತ್ತಿದ್ದರು. ಔಷಧಿ ಚೀಟಿಯಲ್ಲಿ ಬೆಕ್ಕು ಬರೆದ ಡಾಕ್ಟರ್ ಬೇರೆ ಯಾರೂ ಇರಲಿಕ್ಕಿಲ್ಲ.

ಬ್ರ್ಯಾಂಡ್ ತಾವೇ ಹೇಳುತ್ತಿದ್ದ ಇನ್ನೊಂದು ಘಟನೆ ಇದೆ. ಒಬ್ಬ ರೋಗಿಯ ಭುಜದ ಮೇಲೆ ಕೈ ಹಾಕಿ, ಚಿಕಿತ್ಸೆ ಹೀಗೀಗೆ ಅಂತ ಹೇಳುತ್ತಿದ್ದರು. ಅವನು ಇದ್ದಕ್ಕಿದ್ದಂತೆ ಅಳೋಕೆ ಶುರು ಮಾಡಿದ. ನಾನೇನು ತಪ್ಪು ಹೇಳಿದೆ ಅಂತ ಇವರಿಗೆ ಗಾಬರಿ. ಭಾಷೆ ಬಲ್ಲ ಸಹಾಯಕಿ ವಿಚಾರಿಸಿ ಹೇಳಿದರು, ಇಲ್ಲಿಗೆ ಬರೋ ತನಕ ಎಷ್ಟೋ ವರ್ಷ ಅವನನ್ನು ಯಾರೂ ಮುಟ್ಟಿರಲಿಲ್ಲ ಅಂತ.

ನಮ್ಮ ರಾಜ್ಯದಲ್ಲೂ ಈ ಕೆಲಸ ಹಳೆಯದು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧಿ ಕೊಡೋಕೆ ಶುರು ಮಾಡಿ, 1890ರ ಹೊತ್ತಿಗೆ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಈಗಿನ ದೊಡ್ಡ ಮೆಡಿಕಲ್ ಕಾಲೇಜು ಬೆಳೆದದ್ದು ಅಲ್ಲಿಂದ. ಹಾಗಂತ ನಾವು ಕ್ರೈಸ್ತರು ಎದೆ ಉಬ್ಬಿಸಿಕೊಂಡು ಓಡಾಡೋ ಹಾಗೂ ಇಲ್ಲ. ಮಧ್ಯಯುಗದ ಯೂರೋಪಿನಲ್ಲಿ ಕುಷ್ಠರೋಗಿಯನ್ನು ಚರ್ಚಿಗೆ ಕರೆಸಿ, ಸತ್ತವರಿಗೆ ಮಾಡುವಂಥ ವಿಧಿ ಮಾಡಿ ಊರಿಂದ ಹೊರಗೆ ಕಳಿಸುವ ಪದ್ಧತಿ ಕೆಲವು ಕಡೆ ಇತ್ತು. 1179ರಲ್ಲಿ ರೋಮಿನಲ್ಲಿ ಸೇರಿದ ಬಿಷಪ್‌ಗಳ ಲ್ಯಾಟರನ್ ಮಹಾಸಭೆ ಅವರಿಗೆ ಪ್ರತ್ಯೇಕ ಚರ್ಚು, ಪ್ರತ್ಯೇಕ ಸ್ಮಶಾನ ಇರಲಿ ಅಂದಿತು. ಎಲ್ಲರ ಜೊತೆ ಇರಲಿ ಅನ್ನಲಿಲ್ಲ. ಮಾರ್ಕನ ಶುಭಸಂದೇಶ ಅವರ ಹತ್ತಿರವೂ ಇತ್ತು.

ಭಯ ಇರೋರಿಗೆ ಒಂದು ಮಾತು. ಶೆಡ್ಡಿಗೆ ಹೋಗಿ ಬಂದೆ ಅಂದಾಗ ನಮ್ಮ ಬೀದಿಯಲ್ಲಿ ಒಬ್ಬರು ಆ ಚಪ್ಪಲಿ ಹೊರಗೇ ಬಿಡಿ ಅಂದರು. ಕುಷ್ಠ ಹಾಗೆ ಮುಟ್ಟಿದರೆ ಬರೋ ಕಾಯಿಲೆ ಅಲ್ಲ. ಬಹುಪಾಲು ಜನರ ಮೈಗೆ ಅದನ್ನು ತಡೆಯೋ ಶಕ್ತಿ ಹುಟ್ಟಿನಿಂದಲೇ ಇದೆ. ಒಂದಕ್ಕಿಂತ ಹೆಚ್ಚು ಔಷಧಿ ಸೇರಿಸಿ ಕೊಡುವ ಎಂಡಿಟಿ ಎಂಬತ್ತರ ದಶಕದಿಂದ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಾಯಿಲೆಯ ವಿಧ ನೋಡಿ ಆರು ತಿಂಗಳು ಇಲ್ಲವೇ ಹನ್ನೆರಡು ತಿಂಗಳು. ಔಷಧಿ ಶುರುವಾದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಹರಡೋದು ನಿಂತುಹೋಗುತ್ತೆ. ಶೆಡ್ಡಿನಲ್ಲಿ ಇರೋರೆಲ್ಲ ಎಂದೋ ವಾಸಿಯಾದವರು. ನರಕ್ಕೆ ಆದ ಹಾನಿ ಮಾತ್ರ ಉಳಿದಿದೆ. ದೇಶದಲ್ಲಿ ಕುಷ್ಠ ಇರೋರು ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಆಗಿದ್ದು 2005ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠ ಅಂತ ವಿಚ್ಛೇದನ ಕೇಳಬಹುದು ಅನ್ನೋ ಕಾನೂನು ತೆಗೆದಿದ್ದು 2019ರಲ್ಲಿ. ಈ ಹದಿನಾಲ್ಕು ವರ್ಷ ಏನು ಮಾಡುತ್ತಿದ್ದರು ಅಂತ ಕೇಳಬೇಡಿ.

ಚಪ್ಪಲಿಯ ಬಳಕೆ ಹೇಗಿದೆ ಅಂತ ಹೇಳಬೇಕಲ್ಲ. ಹೊಸದನ್ನು ಮೊದಲ ದಿನವೇ ಹಾಕಿಕೊಂಡು ಊರು ಸುತ್ತಬೇಡಿ. ಅರ್ಧ ಗಂಟೆ ಹಾಕಿ, ಬಿಚ್ಚಿ, ಕಾಲು ಕೆಂಪಾಗಿದೆಯಾ ನೋಡಿ. ಮಾರನೇ ದಿನ ಇನ್ನೊಂದಿಷ್ಟು ಹೊತ್ತು. ಹಾಕುವ ಮುಂಚೆ ಪ್ರತಿ ಸಲ ಚಪ್ಪಲಿಯೊಳಗೆ ಕೈಯಾಡಿಸಿ, ಕಲ್ಲಿದ್ದರೆ ಕಾಲಿಗೆ ಗೊತ್ತಾಗಲ್ಲ. ರಾತ್ರಿ ಪಾದದ ಅಡಿ ನೋಡಿಕೊಳ್ಳಬೇಕು. ಕನ್ನಡಿ ಹಿಡಿದು ನೋಡಿಕೊಳ್ಳಿ ಅಂತಾರೆ ಡಾಕ್ಟರ್. ಮೇಸ್ತ್ರಿ ಮಾತ್ರ "ಕನ್ನಡಿ ಯಾಕೆ ಸಾರ್, ಮನೆಯೋರು ಇಲ್ವಾ?" ಅಂದರು. ನಮ್ಮನೆಯವಳು ಹಾರೋಬೆಲೆಯವಳು, ಅಲ್ಲಿ ಗುಡ್ ಫ್ರೈಡೆಗೆ ಆಡುವ, ಯೇಸು ಶಿಲುಬೆಗೇರಿದ ಕಥೆಯ ಮಹಿಮೆ ನಾಟಕ ನೋಡಿ ಬೆಳೆದವಳು, ಕಣ್ಣೀರು ಬೇಗ ಬರುತ್ತೆ. ಆದರೆ ನನ್ನ ಕಾಲು ಅಂದಾಗ ಯಾವ ಕನಿಕರವೂ ಇಲ್ಲ. ಸೀರಿಯಲ್ ಮುಗಿದ ಮೇಲೆ "ತನ್ನಿ ಇಲ್ಲಿ" ಅಂತಾಳೆ. ತೊಡೆ ಮೇಲೆ ಹಳೆ ಟವೆಲ್ ಹಾಕಿಕೊಂಡು, ಮುಂಗೈ ಒತ್ತಿ ಬಿಸಿ ನೋಡಿ, ಕೊಬ್ಬರಿ ಎಣ್ಣೆ ಹಚ್ಚುತ್ತಾಳೆ, ಬೆರಳ ಸಂದಿ ಬಿಟ್ಟು. ಸಂದಿಯಲ್ಲಿ ತೇವ ಇರಬಾರದು. ಹಚ್ಚುವಾಗ ನನಗೇನೂ ಗೊತ್ತಾಗಲ್ಲ. ಅವಳ ತಲೆ ಬಗ್ಗಿರೋದು ಕಾಣುತ್ತೆ, ದಿನಸಿ ಲೆಕ್ಕ ಹೇಳೋದು ಕೇಳಿಸುತ್ತೆ. ಮಕ್ಕಳು ಹುಟ್ಟಿದ ಮೇಲೆ ಇಷ್ಟು ಹೊತ್ತು ನಾವಿಬ್ಬರು ಎದುರುಬದುರು ಕೂತದ್ದು ಇಲ್ಲ.

ಹೆಬ್ಬೆರಳ ಬುಡದ ಬಿಸಿ ಕಡಿಮೆಯಾಗಿದೆ. ಅಲ್ಲಿದ್ದ ಗಟ್ಟಿ ಚರ್ಮವೂ ಮೆತ್ತಗಾಗುತ್ತಿದೆ. ಮುಂದಿನ ಸಲ ತೋರಿಸಿದಾಗ ಡಾಕ್ಟರ್ ಚಪ್ಪಲಿಯನ್ನು ತಿರುಗಿಸಿ ನೋಡಿ ಒಳ್ಳೆ ಕೆಲಸ ಅಂದರು.

ದೂರುಗಳೂ ಇವೆ. ಹೇಳಿದ ದಿನಕ್ಕೆ ಕೊಡಲಿಲ್ಲ, ಮುಂದಿನ ವಾರ ಅಂದರು, ಆಮೇಲೆ ಅಲ್ಲಿನ ಚರ್ಚಿನ ಹಬ್ಬ ಬಂತು. ಫೋನ್ ಮಾಡಿದರೆ ಎತ್ತೋದು ಅಡುಗೆಮನೆಯಲ್ಲಿ, ಶೆಡ್ಡಿಗೆ ಸುದ್ದಿ ಮುಟ್ಟೋದು ಅನುಮಾನ. ವೆಲ್ಕ್ರೋಗೆ ದಾರ, ಕೂದಲು ಎಲ್ಲ ಅಂಟಿಕೊಳ್ಳುತ್ತೆ, ವಾರಕ್ಕೊಮ್ಮೆ ಹಳೆ ಬ್ರಷ್‌ನಲ್ಲಿ ತೆಗೆಯಬೇಕು. ಸಲ್ಯೂಷನ್ ವಾಸನೆ ಹೋಗೋಕೆ ಸಮಯ ಬೇಕಾಯಿತು. ಒದ್ದೆ ಟೈಲ್ಸ್ ಮೇಲೆ ಜಾರುತ್ತೆ, ಇದು ದೊಡ್ಡ ದೋಷ, ವಯಸ್ಸಾದವರು ನೋಡಿಕೊಳ್ಳಿ. ಚರ್ಮದ ಬಾರು ಮಳೆಯಲ್ಲಿ ನೆನೆದರೆ ಒಣಗೋಕೆ ಎರಡು ದಿನ, ಒಣಗಿದ ಮೇಲೆ ಬಿರುಸು. ಬಣ್ಣದ ವಿಷಯ ಮೇಸ್ತ್ರಿ ಹತ್ತಿರ ಜಗಳವನ್ನೇ ಆಡಿದೆ. ಹಿಂದೆ ಉಚಿತವಾಗಿ ಕೊಡುತ್ತಿದ್ದ ಚಪ್ಪಲಿಗೆ ಒಂದೇ ಬಣ್ಣ, ಒಂದೇ ಆಕಾರ. ದೂರದಿಂದಲೇ ನೋಡಿ ಇವನಿಗೆ ಕುಷ್ಠ ಅಂತ ಜನ ಹೇಳುತ್ತಿದ್ದರಂತೆ. ಎಷ್ಟೋ ಜನ ಅದನ್ನು ಮನೆಯಲ್ಲಿಟ್ಟು ಬರಿಗಾಲಲ್ಲೇ ಓಡಾಡಿ ಕಾಲು ಕಳೆದುಕೊಂಡರು. "ಅದಕ್ಕೇ ಈಗ ಯಾರ ಕಣ್ಣಿಗೂ ಬೀಳದ ಬಣ್ಣ ಹಾಕ್ತೀವಿ" ಅಂದರು. ಈಗ ನನ್ನಂಥ ಸಕ್ಕರೆಯವರು ಜಾಸ್ತಿ ಕೊಳ್ಳುತ್ತಿರೋದರಿಂದ ಚಪ್ಪಲಿ ನೋಡಿ ಯಾವ ಕಾಯಿಲೆ ಅಂತ ಹೇಳೋಕಾಗಲ್ಲ, ಅದು ಅವರಿಗೆ ಖುಷಿ.

ಅಟ್ಟೆ ಸವೆದರೆ ₹150ಕ್ಕೆ ಬದಲಾಯಿಸಿ ಕೊಡುತ್ತಾರೆ. ದುಡ್ಡಿಲ್ಲದವರ ಹತ್ತಿರ ಕೇಳಲ್ಲ. ಫೋನ್ ಪೇ ನಡೆಯುತ್ತೆ. ಕೊರಿಯರ್‌ನಲ್ಲಿ ಕಳಿಸಿ ಅಂದರೆ ಕಳಿಸಲ್ಲ, ಕಾಲು ಅಲ್ಲಿಗೆ ಬರಲೇಬೇಕು. ಚಪ್ಪಲಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಹೇಳಿದ ದಿನಕ್ಕೆ ಕೊಡದ ಅಭ್ಯಾಸಕ್ಕೆ ಎರಡು. ಅಳತೆಗೆ ಐದೂ. ಮಳೆಗಾಲಕ್ಕೆ ರೆಕ್ಸಿನ್ ಬಾರು, ಜಾರದ ಅಟ್ಟೆ ಹಾಕಿ ಇನ್ನೊಂದು ಜೊತೆ ಮಾಡಿಕೊಡಿ ಅಂತ ಮುಂಗಡ ಕೊಟ್ಟು ಬಂದಿದ್ದೇನೆ. ಆಷಾಢಕ್ಕೆ ಮೊದಲು ಕೊಡುತ್ತೇವೆ ಅಂದಿದ್ದಾರೆ. ಅದು ಕೈಗೆ ಬಂದು ಒಂದೆರಡು ಮಳೆ ಬಿದ್ದ ಮೇಲೆ ಹೇಗಿದೆ ಅಂತ ಬರೆಯುತ್ತೇನೆ.